ಜಗಳೂರಿನ ಸರ್ವರ್‌ಗೆ ಏನೂ ಆಗಿರಲಿಲ್ಲ

ಕಂಪ್ಯೂಟರ್ ರಿಪೇರಿಗೆ ಬಂದಿದ್ದೇನೆ ಅಂದರೆ ಕೆಲವರು ಈಗಲೂ ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಾರೆ, ರಿಪೇರಿ ಮಾಡುವವನು ಎಲ್ಲಿ ಅಂತ. ಹಿಂದೆ ಯಾರೂ ಇರುವುದಿಲ್ಲ. ಇರುವುದು ನಾನು, ನನ್ನ ಹೆಗಲ ಚೀಲ, ಚೀಲದಲ್ಲಿ ಎರಡು ಸ್ಕ್ರೂಡ್ರೈವರು, ಒಂದಿಷ್ಟು ಕೇಬಲ್ಲು. ಜಗಳೂರಿಗೆ ಹೋಗುವ ದಿನವಾದರೆ ಒಂದು ಡಬ್ಬಿ ಚಿತ್ರಾನ್ನವೂ ಇರುತ್ತದೆ. ಚನ್ನಗಿರಿಯಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಜಗಳೂರಿಗೆ ಇನ್ನೊಂದು. ಅಷ್ಟು ಹೊತ್ತು ಹಸಿವು ತಡೆಯುವ ಜಾತಿಯವಳಲ್ಲ ನಾನು.

ನಮ್ಮ ಸಾಹುಕಾರರಿಗೆ ನಾಲ್ಕು ಕನ್ನಡಕದ ಅಂಗಡಿಗಳು. ಚನ್ನಗಿರಿಯದು ದೊಡ್ಡದು, ಹೊನ್ನಾಳಿ ಮತ್ತು ನ್ಯಾಮತಿಯವು ಒಂದೊಂದೇ ಮಳಿಗೆಯವು. ಜಗಳೂರಿನದು ಹೆಸರಿಗೆ ಅಂಗಡಿ, ನಿಜವಾಗಿ ಅದು ಕೆಲಸದ ಮನೆ. ಮಿಕ್ಕ ಮೂರೂ ಕಡೆ ಕಣ್ಣು ಪರೀಕ್ಷೆ ಮಾಡಿ, ಗಿರಾಕಿ ಆರಿಸಿದ ಫ್ರೇಮನ್ನು ಬಸ್ಸಿನಲ್ಲಿ ಜಗಳೂರಿಗೆ ಕಳಿಸುತ್ತಾರೆ. ಅಲ್ಲಿ ನಂಬರಿಗೆ ತಕ್ಕ ಗಾಜು ತೆಗೆದು, ಅಂಚು ಸಾಣೆ ಹಿಡಿದು, ಫ್ರೇಮಿಗೆ ಕೂರಿಸಿ ವಾಪಸ್ಸು ಕಳಿಸುವುದು. ಇಷ್ಟು ದೂರದ ಸುತ್ತು ಯಾಕೆ ಅಂತ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ. "ಅವರು ಅಲ್ಲಿದಾರಲ್ಲಮ್ಮ" ಅಂದಿದ್ದರು ಸಾಹುಕಾರರು.

ಅವರು ಅಂದರೆ ಚಾಚಾ. ಜಗಳೂರಿನವರೇ, ಅರವತ್ತು ದಾಟಿದವರು, ಮೂವತ್ತು ವರ್ಷದಿಂದ ಅದೇ ಸಾಣೆಯ ಮುಂದೆ ಅದೇ ಕುರ್ಚಿಯಲ್ಲಿ ಕೂತವರು. ಚನ್ನಗಿರಿಗೆ ಬನ್ನಿ ಅಂತ ಸಾಹುಕಾರರು ಎಷ್ಟು ಕರೆದರೂ ಆಸಾಮಿ ಜಗ್ಗಲಿಲ್ಲ. ಕೊನೆಗೆ ಕೆಲಸದ ಮನೆಯೇ ಅವರಿದ್ದಲ್ಲಿ ಉಳಿಯಿತು. ಗಾಜಿನ ಅಂಚು ಸರಿಯಾಗಿದೆಯೇ ಎಂದು ಅವರು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ, ಹೆಬ್ಬೆರಳಿನಿಂದ ಸವರಿ ಹೇಳುತ್ತಿದ್ದರು. ಗೋಡೆಯ ತುಂಬ ಗೂಡುಗಳು, ಪ್ಲಸ್ ಬಲಕ್ಕೆ, ಮೈನಸ್ ಎಡಕ್ಕೆ, ನಂಬರು ಏರಿದಂತೆ ಗೂಡೂ ಏರುತ್ತದೆ. ಬಾಯಿ ಮಾತಾಡುತ್ತಿರುವಾಗಲೇ ಕೈ ಹೋಗಿ ಸರಿಯಾದ ಗಾಜನ್ನು ತರುತ್ತಿತ್ತು. ಅದನ್ನು ನೋಡಿ ನಾನು ಬೆರಗಾಗಿದ್ದೇ ಹೊರತು, ಹಾಗೇಕೆ ಎಂದು ಯೋಚಿಸಿದವಳಲ್ಲ.

ಮೊದಲು ಈ ಆರ್ಡರುಗಳೆಲ್ಲ ಚೀಟಿಯಲ್ಲಿ ಹೋಗುತ್ತಿದ್ದವು, ದಪ್ಪ ಮಾರ್ಕರ್ ಪೆನ್ನಿನಲ್ಲಿ ಬರೆದು ಫ್ರೇಮಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಅದನ್ನು ನಿಲ್ಲಿಸಿದವಳು ನಾನೇ. ಜಗಳೂರಿನ ಕೆಲಸದ ಮನೆಯಲ್ಲಿ ಒಂದು ಸರ್ವರ್ ಕೂರಿಸಿದೆ. ಮೂರು ಅಂಗಡಿಗಳಲ್ಲಿ ಟೈಪ್ ಮಾಡಿದ ನಂಬರು ನೇರ ಅದಕ್ಕೆ ಹೋಗಿ, ಚಾಚಾ ಎದುರಿನ ಪರದೆಯಲ್ಲಿ ಸಾಲಾಗಿ ಬಂದು ನಿಲ್ಲುತ್ತಿತ್ತು. ಪೇಪರಿಲ್ಲ, ಪೆನ್ನಿಲ್ಲ. ಸಾಹುಕಾರರು ನನ್ನನ್ನು ನಾಲ್ಕು ಜನರ ಮುಂದೆ ಹೊಗಳಿದರು, ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಶುರುವಾಯಿತು ಸರ್ವರ್‌ನ ಕಾಯಿಲೆ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಫೋನು.

"ಮೇಡಮ್ಮೋರೆ, ಸರ್ವರ್ ಸ್ಲೋ ಆಗೈತೆ. ಬರಾಕೆ ಆಗ್ತೈತಾ?"

ಹೋಗುತ್ತಿದ್ದೆ. ಹೋಗಿ ಮುಚ್ಚಳ ಬಿಚ್ಚಿ, ಫ್ಯಾನಿನ ಧೂಳು ಊದಿ, ಆಫ್ ಮಾಡಿ ಆನ್ ಮಾಡುತ್ತಿದ್ದೆ. ಅದು ಕುದುರೆಯ ಹಾಗೆ ಓಡುತ್ತಿತ್ತು. ಚಾಚಾ ಖುಷಿಯಾಗಿ ಚಹಾ ತರಿಸುತ್ತಿದ್ದರು. "ನಿಮ್ಮ ಕೈಗುಣ ನೋಡ್ರಿ" ಅನ್ನುತ್ತಿದ್ದರು. ನಾನು ಚಹಾ ಕುಡಿಯುತ್ತ ಕೂತಾಗ, "ಹೆಂಗೂ ಅದರ ಮುಂದೆ ಕೂತೀರಿ, ಬಾಕಿ ಇರೋ ಆರ್ಡರ್ ಒಂದಿಷ್ಟು ಓದಿಬಿಡ್ರಿ. ನನ್ನ ಕೈತುಂಬ ಗಾಜಿನ ಪುಡಿ, ಮೌಸ್ ಮುಟ್ಟಾಕೆ ಆಗಲ್ಲ" ಅನ್ನುತ್ತಿದ್ದರು. ನಾನು ಓದುತ್ತಿದ್ದೆ. ಅವರು ಒಂದೊಂದೇ ಟ್ರೇಯಲ್ಲಿ ಗಾಜಿಟ್ಟು ಸಾಲು ಜೋಡಿಸುತ್ತಿದ್ದರು. ಸೋಮಾರಿ ಮುದುಕ, ಬಂದವರ ಕೈಲೆಲ್ಲ ಕೆಲಸ ಮಾಡಿಸಿಕೊಳ್ಳುತ್ತಾನೆ ಎಂದು ಮನಸ್ಸಿನಲ್ಲೇ ನಗುತ್ತ ಐವತ್ತು ಅರವತ್ತು ಆರ್ಡರು ಓದಿ, ಸಂಜೆಯ ಬಸ್ಸು ಹತ್ತುತ್ತಿದ್ದೆ. ಹೀಗೆ ಮೂರು ವರ್ಷ ನಡೆಯಿತು.

ಕಳೆದ ವರ್ಷ ನನಗೆ ಸೊಂಟ ನೋವು ಬಂತು. ಬಸ್ಸಿನ ಹಿಂದಿನ ಸೀಟು ಅದರ ಮೂಲ ಎಂದು ನಾನು, ವಯಸ್ಸು ಅದರ ಮೂಲ ಎಂದು ನನ್ನ ಗಂಡ. ಈ ವಾದ ಇನ್ನೂ ಮುಗಿದಿಲ್ಲ. ಏನೇ ಇರಲಿ, ಇನ್ನು ಜಗಳೂರಿಗೆ ಓಡಾಡುವುದು ಸಾಕು, ಸರ್ವರ್ ಅನ್ನು ಇಲ್ಲಿಂದಲೇ ನೋಡಿಕೊಳ್ಳುವ ಏರ್ಪಾಡು ಮಾಡುತ್ತೇನೆ ಎಂದು ಸಾಹುಕಾರರಿಗೆ ಹೇಳಿದೆ. ಸರ್ವರ್‌ನೊಳಗೆ ಒಂದು ಚಿಕ್ಕ ಪ್ರೋಗ್ರಾಂ ಕೂರಿಸಿದರೆ ಅದು ಎರಡೆರಡು ನಿಮಿಷಕ್ಕೆ ನನಗೆ ವರದಿ ಒಪ್ಪಿಸುತ್ತದೆ: ಡಿಸ್ಕಿನಲ್ಲಿ ಎಷ್ಟು ಜಾಗವಿದೆ, ಎಷ್ಟು ಬಿಸಿಯಾಗಿದೆ, ಕರೆಂಟಿನಲ್ಲಿ ಓಡುತ್ತಿದೆಯೋ ಬ್ಯಾಟರಿಯಲ್ಲೋ. ಎಲ್ಲ ನೆಟ್ಟಗಿದ್ದರೆ ಹಸಿರು ಚುಕ್ಕಿ, ಇಲ್ಲದಿದ್ದರೆ ಕೆಂಪು, ವರದಿಯೇ ಬಾರದಿದ್ದರೂ ಕೆಂಪು. ಬೇಕೆನಿಸಿದರೆ ನಾನು ಚನ್ನಗಿರಿಯಲ್ಲಿ ಕೂತೇ ಜಗಳೂರಿನ ಪರದೆಯನ್ನು ತೆರೆದು ರಿಪೇರಿ ಮಾಡಬಹುದು. ಸಾಹುಕಾರರಿಗೆ ಚುಕ್ಕಿ ಬಹಳ ಹಿಡಿಸಿತು. ತಮ್ಮ ಮೊಬೈಲಿಗೂ ಅದು ಬೇಕೆಂದು ಹಟ ಹಿಡಿದು ಹಾಕಿಸಿಕೊಂಡರು.

ಕೂರಿಸಲು ಹೋದ ದಿನ ಚಾಚಾ ಸಾಣೆ ನಿಲ್ಲಿಸಿ ನನ್ನ ಪಕ್ಕದಲ್ಲೇ ನಿಂತರು. ಹಾಗೆ ನಿಂತವರೇ ಅಲ್ಲ ಅವರು.

"ಅಲ್ಲಿ ಕೂತು ನೀವು ನೋಡ್ತೀರಿ. ಸಾವ್ಕಾರ್ರೂ ನೋಡ್ತಾರೆ. ಏನು ನೋಡ್ತೀರಿ?"

"ಮಿಷನ್ನು ಚಾಚಾ. ಬರೀ ಮಿಷನ್ನು."

"ಮಿಷನ್ ಮುಂದೆ ಕೂತೋರನ್ನ?"

"ಅಯ್ಯೋ, ಕ್ಯಾಮೆರಾನೇ ಇಲ್ವಲ್ಲ ಚಾಚಾ! ನಿಮ್ಮನ್ನ ನೋಡಿ ನಾನೇನು ಮಾಡ್ಲಿ?"

ಅವರು ನಗಲಿಲ್ಲ. "ನನ್ನ ಕುರ್ಚಿಗೆ ಏನೂ ಆಗಲ್ಲ ತಾನೆ?" ಎಂದು ಕೇಳಿದರು. ದೇವರಾಣೆ ಆಗಲ್ಲ ಅಂದೆ. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆ ಎಂಬ ಹಳೇ ಕಾಲದ ಭಯ ಇದು ಎಂದುಕೊಂಡು, ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗು ಬೇರೆ ಬಂತು ನನಗೆ.

ಮರುದಿನ ಮಧ್ಯಾಹ್ನ ಒಂದೂ ಕಾಲಿಗೆ ಚುಕ್ಕಿ ಕೆಂಪಾಯಿತು. ಕೆಂಪಾದ ಅರ್ಧ ನಿಮಿಷಕ್ಕೆ ಸಾಹುಕಾರರ ಫೋನು. "ಏನಮ್ಮಾ, ಸರ್ವರ್ ಹೋಗೇಬಿಡ್ತಂತಲ್ಲ!" ಎರಡೂ ಕಾಲಿಗೆ ತಾನಾಗಿ ಹಸಿರಾಯಿತು. ಅದರ ಮರುದಿನವೂ ಒಂದೂ ಕಾಲು, ಎರಡೂ ಕಾಲು. ಶುಕ್ರವಾರ ಇನ್ನೂ ಬೇಗ ಕೆಂಪಾಗಿ ಮೂರರವರೆಗೆ ಕೆಂಪಾಗಿಯೇ ಇತ್ತು. ನಾಲ್ಕೈದು ದಿನ ಕೇಬಲ್ಲು, ಇಂಟರ್‌ನೆಟ್ಟು ಅಂತ ತಲೆ ಕೆಡಿಸಿಕೊಂಡು ಕೊನೆಗೆ ಚಾಚಾಗೆ ಫೋನ್ ಮಾಡಿದಾಗ ಗುಟ್ಟು ಹೊರಬಿತ್ತು: ಅವರು ದಿನವೂ ಊಟಕ್ಕೆ ಕೂರುವ ಮುಂಚೆ ನೆಟ್ಟಿನ ತಂತಿ ಕೀಳುತ್ತಿದ್ದರು. ಶುಕ್ರವಾರ ನಮಾಜಿಗೆ ಹೋಗುವಾಗಲೂ.

"ಯಾಕೆ ಚಾಚಾ?"

"ಉಣ್ಣಾಕೆ ಕೂತಾಗ ಬಾಗಿಲು ತೆಕ್ಕೊಂಡು ಕೂರ್ತಾರೇನ್ರಿ ಯಾರಾದ್ರೂ?"

ತಂತಿ ಕಿತ್ತರೆ ಹೊನ್ನಾಳಿಯ ಆರ್ಡರ್ ಬರುವುದಿಲ್ಲ, ಬೇಕಾದರೆ ಪರದೆಯ ಮೇಲೆ ಒಂದು ಬಟ್ಟೆ ಹೊದಿಸಿ ಎಂದು ರಾಜಿ ಮಾಡಿಕೊಂಡೆ. ಒಪ್ಪಿದರು. ಅಂದಿನಿಂದ ಪರದೆಗೆ ಊಟದ ಹೊತ್ತಿನಲ್ಲಿ ಒಂದು ಟವೆಲು. ದಿನಪೂರ್ತಿ ಮಾತಾಡಿ ಸುಸ್ತಾದ ಗಿಳಿಗೆ ಪಂಜರ ಮುಚ್ಚಿದ ಹಾಗೆ.

ಚುಕ್ಕಿ ಹಸಿರಾಗಿ ನಿಂತಿತು. ಆದರೆ ಕನ್ನಡಕ ಬರಲಿಲ್ಲ. ವಾರದ ಕೆಲಸ ಮೂರು ವಾರವಾಯಿತು. ಸಾಸ್ವೆಹಳ್ಳಿಯ ಒಬ್ಬ ಮೇಷ್ಟ್ರು ಹೊನ್ನಾಳಿ ಅಂಗಡಿಗೆ ಬಂದು, ಕನ್ನಡಕ ಕೊಡುವವರೆಗೆ ಏಳುವುದಿಲ್ಲ ಎಂದು ಬೆಂಚಿನ ಮೇಲೆ ಪೇಪರ್ ಹಿಡಿದು ಕೂತರಂತೆ. ಪೇಪರಿನ ಅಕ್ಷರ ಕಾಣುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಜಗಳೂರಿಗೆ ಕೇಳಿದರೆ ಸರ್ವರ್ ಸ್ಲೋ, ನಂಬರ್ ಫೋನಲ್ಲೇ ಹೇಳ್ರಿ ಅನ್ನುತ್ತಾರೆ ಎಂದು ಹೊನ್ನಾಳಿಯವರು ಸಾಹುಕಾರರಿಗೆ ದೂರಿದರು. ಸಾಹುಕಾರರು ನನಗೆ ಮೊಬೈಲು ತೋರಿಸಿ, "ನಿನ್ನ ಹಸಿರು ಸುಳ್ಳು ಹೇಳ್ತೈತೇನಮ್ಮ?" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಯಂತ್ರದ ಮೇಲಿನ ಅನುಮಾನವನ್ನು ನಾನು ನನ್ನ ತವರಿನ ಮೇಲಿನ ಅನುಮಾನ ಅಂತಲೇ ತೆಗೆದುಕೊಳ್ಳುವವಳು.

ಆ ಪ್ರೋಗ್ರಾಮಿಗೆ ಸರ್ವರ್‌ನ ಹಳೇ ದಿನಚರಿಯನ್ನೂ ತೆಗೆದು ತೋರಿಸುವ ಗುಣವಿದೆ. ಯಂತ್ರ ತನ್ನ ನೋವು ನಲಿವನ್ನೆಲ್ಲ ತಾನೇ ಬರೆದಿಟ್ಟುಕೊಂಡಿರುತ್ತದೆ. ನಾನು ಜಗಳೂರಿಗೆ ಹೋಗಿದ್ದ ದಿನಗಳನ್ನು ಹುಡುಕಿ ಒಂದೊಂದಾಗಿ ನೋಡಿದೆ. ಹಿಂದಿನ ದಿನ: ಏನೂ ತೊಂದರೆಯಿಲ್ಲ. ಆ ದಿನ: ಮಧ್ಯಾಹ್ನದ ಹೊತ್ತಿಗೆ ಯಾರೋ ಆಫ್ ಮಾಡಿ ಆನ್ ಮಾಡಿದ್ದಾರೆ. ಆ ಯಾರೋ ನಾನು. ಮರುದಿನ: ಏನೂ ತೊಂದರೆಯಿಲ್ಲ. ಅಷ್ಟೂ ದಿನ ಗಟ್ಟಿಮುಟ್ಟಾಗಿದ್ದ ಯಂತ್ರಕ್ಕೆ ನಾನು ಮದ್ದು ಕೊಟ್ಟು ಗುಣಪಡಿಸುತ್ತಿದ್ದೆ. ಕೈಗುಣವಂತೆ, ಕೈಗುಣ!

ಹಾಗಾದರೆ ಈ ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಬೆಳಿಗ್ಗೆ ಹನ್ನೊಂದಕ್ಕೆ, ಮುಂಚೆ ಹೇಳದೆ ಕೇಳದೆ, ಜಗಳೂರಿನ ಪರದೆಯನ್ನು ನನ್ನ ಪರದೆಯಲ್ಲಿ ತೆರೆದೆ.

ಮೊದಲು ಏನೋ ಕೆಟ್ಟಿದೆ ಅನ್ನಿಸಿತು. ಅಕ್ಷರಗಳು ಇಟ್ಟಿಗೆಯಷ್ಟು ದೊಡ್ಡದಾಗಿದ್ದವು. ಮೂವತ್ತು ಸಾಲು ಇರಬೇಕಾದ ಪರದೆಯಲ್ಲಿ ಮೂರೇ ಸಾಲು. ಮೌಸಿನ ಬಾಣ ಮೊದಲ ಅಂಕಿಯ ಕೆಳಗೆ ಬಂದು ನಿಂತಿತು. ಎರಡನೆಯದಕ್ಕೆ ಹೋಯಿತು. ಮತ್ತೆ ಮೊದಲನೆಯದಕ್ಕೆ ಬಂತು. ಒಂದನೇ ಕ್ಲಾಸಿನ ಮಗು ಬೆರಳಿಟ್ಟು ಓದುವ ಹಾಗೆ ಬಾಣ ಒಂದೊಂದೇ ಅಂಕಿಯ ಬುಡ ಹಿಡಿದು ಸಾಗುತ್ತಿತ್ತು. ಅಕ್ಷರ ಇನ್ನೂ ಒಂದು ಮೆಟ್ಟಿಲು ದೊಡ್ಡದಾಯಿತು. ಅಂಕಿಯ ಅರ್ಧ ಪರದೆಯಿಂದ ಆಚೆ ಹೋಯಿತು. ಬಾಣ ಅದನ್ನು ಹುಡುಕಿಕೊಂಡು ಹೋಗಿ, ದಾಟಿ, ತಿರುಗಿ ಬಂತು. ಎರಡೂವರೆ ಪ್ಲಸ್ ಅನ್ನುವ ಒಂದು ನಂಬರನ್ನು ಓದಲು ಅಷ್ಟು ಹೊತ್ತು. ನಾನು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

ಬಾಣ ನಿಂತಿತು. ನನ್ನ ಫೋನು ಹೊಡೆದುಕೊಂಡಿತು.

"ಮೇಡಮ್ಮೋರೆ, ಸರ್ವರ್ ಭಾಳ ಸ್ಲೋ ಆಗೈತ್ರಿ. ಒಂದ್ಸಲ ಬಂದು ಹೋಗ್ರಲ್ಲ."

ಬರ್ತೀನಿ ಚಾಚಾ, ನಾಳೆ ಬರ್ತೀನಿ ಅಂದೆ. ನಾಚಿಕೆಯಾಗಿತ್ತು. ದಪ್ಪ ಅಕ್ಷರದ ಚೀಟಿಯನ್ನು ಕಿತ್ತುಕೊಂಡವಳು ನಾನು, ಬರೀ ಮಿಷನ್ ನೋಡ್ತೀನಿ ಎಂದು ಮಾತು ಕೊಟ್ಟವಳೂ ನಾನು.

ಮರುದಿನ ಹೋದಾಗ ಚೀಲ ಬಿಚ್ಚಲಿಲ್ಲ. ಸೊಕ್ಕೆಯಿಂದ ಬಂದಿದ್ದ ಒಬ್ಬ ಅಜ್ಜಿ ಕನ್ನಡಕ ಹಾಕಿಕೊಂಡು, ಕಿವಿಗೆ ಒತ್ತುತ್ತದೆ ಎಂದು ಜಗಳವಾಡಿ, ಸರಿ ಮಾಡಿಸಿಕೊಂಡು ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ.

"ಚಾಚಾ, ನಿನ್ನೆ ನಾನು ನೋಡ್ದೆ."

ಅವರಿಗೆ ತಕ್ಷಣ ಗೊತ್ತಾಯಿತು. ಕೈಲಿದ್ದ ಗಾಜನ್ನು ಕೆಳಗಿಟ್ಟರು.

"ಬರೀ ಮಿಷನ್ ಅಂದಿದ್ರಿ."

"ಹೌದು. ತಪ್ಪಾತು."

"ಒಂದೇ ಒಂದು ಗಾಜು ತಪ್ಪಿ ಹೋಗೈತಾ? ಹೇಳ್ರಿ! ಕಾಣ್ದಿದ್ರೆ ಫೋನ್ ಹಚ್ಚಿ ಕೇಳೀನಿ, ನಿಮ್ಮ ಕೈಲಿ ಓದ್ಸೀನಿ. ಖುದಾ ಕಸಂ, ಅಂದಾಜಿನ ಮ್ಯಾಲೆ ಒಂದು ಗಾಜೂ ಕೂರ್ಸಿಲ್ಲ."

ಅದು ನಿಜ. ಮೂರು ವರ್ಷದಲ್ಲಿ ಒಂದು ಕನ್ನಡಕವೂ ನಂಬರ್ ತಪ್ಪಿದೆಯೆಂದು ವಾಪಸ್ಸು ಬಂದಿರಲಿಲ್ಲ. ತಪ್ಪು ಗಾಜು ಕೂರಿಸುವುದಕ್ಕಿಂತ ಸರ್ವರ್ ಮೇಲೆ ಸುಳ್ಳು ಹೊರಿಸುವುದು ವಾಸಿ ಅಂತ ಅವರು ತೀರ್ಮಾನಿಸಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಯಾಕೆ ಮಾಡಿಸಲಿಲ್ಲ ಅಂದರೆ ಎರಡು ಕಾರಣ ಹೇಳಿದರು. ತಿಂಗಳುಗಟ್ಟಲೆ ಕುರ್ಚಿ ಖಾಲಿ ಬಿಟ್ಟರೆ ಅದರಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ, ಇದು ಮೊದಲನೆಯದು. ಎರಡನೆಯದನ್ನು ದನಿ ತಗ್ಗಿಸಿ ಹೇಳಿದರು: ಕಣ್ಣಿಗೆ ಸೂಜಿ ಅಂದರೆ ಭಯ. ಇಡೀ ಜಗಳೂರು ತಾಲ್ಲೂಕಿಗೆ ಕಣ್ಣು ಕೊಟ್ಟ ಗಂಡಸು!

ನಗು ಬಂತು, ನಕ್ಕೆ. ಅವರಿಗೂ ಬಂತು. ಆದರೆ ನಗು ನಿಂತ ಮೇಲೆ ಅವರು ಅಂದ ಮಾತು ಇನ್ನೂ ನನ್ನ ಎದೆಯಲ್ಲಿದೆ.

"ಮೂರು ವರ್ಷ ಇಲ್ಲೇ, ನನ್ನ ಮಗ್ಗಲಾಗೇ ಕೂತು ಓದಿದ್ರಿ. ಆಗ ಕಾಣ್ಲಿಲ್ಲ ನಿಮಗೆ. ಅಷ್ಟು ದೂರ ಹೋಗಿ ನೋಡಿದ್ರಿ."

ಸಾಹುಕಾರರಿಗೆ ನಾನು ಹೇಳುತ್ತೇನೆ ಅಂದೆ. ಬೇಡ, ನಾನೇ ಹೇಳ್ತೀನಿ, ನಂಬರ್ ಹಚ್ಚಿ ಕೊಡ್ರಿ ಅಂದರು. ಹಚ್ಚಿಕೊಟ್ಟೆ. ಕುರ್ಚಿಯಿಂದ ಎದ್ದು ನಿಂತು ಎರಡೇ ಮಾತಿನಲ್ಲಿ ಹೇಳಿದರು: ಕಣ್ಣು ಕಾಣಲ್ಲ ಸಾವ್ಕಾರ್ರೆ, ಸರ್ವರ್‌ಗೆ ಏನೂ ಆಗಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಎಂದು ಫೋನಿಟ್ಟರು ಸಾಹುಕಾರರು.

ಎರಡು ದಿನ ಅವರು ಅಂಗಡಿಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅಂಗಡಿಗೇ ಬರಲಿಲ್ಲ. ಹತ್ತೂವರೆಗೆ ಜಗಳೂರಿನ ಚುಕ್ಕಿ ಕೆಂಪಾಯಿತು. ಅದು ಊಟದ ಹೊತ್ತಲ್ಲ, ಶುಕ್ರವಾರವೂ ಅಲ್ಲ. ಚಾಚಾ ಫೋನ್ ಎತ್ತಲಿಲ್ಲ, ಸಾಹುಕಾರರೂ ಎತ್ತಲಿಲ್ಲ. ಆಯಿತು, ಕುರ್ಚಿ ಎತ್ತಿಸಿಬಿಟ್ಟರು ಎಂದು ನಾನು ತೀರ್ಮಾನಿಸಿದೆ. ಗಿರಾಕಿಗಳ ಎದುರೇ ನನ್ನ ಕಣ್ಣಲ್ಲಿ ನೀರು ಬಂತು. ನಾನೇ ಕೂರಿಸಿದ ಪ್ರೋಗ್ರಾಮನ್ನು ಬೈದೆ, ನನ್ನ ಸೊಂಟವನ್ನೂ ಬೈದೆ.

ಮಧ್ಯಾಹ್ನ ಸಾಹುಕಾರರ ಫೋನು ಬಂತು, ದಾವಣಗೆರೆಯ ಕಣ್ಣಾಸ್ಪತ್ರೆಯಿಂದ. ಬೆಳಿಗ್ಗೆ ತಾವೇ ಕಾರು ತೆಗೆದುಕೊಂಡು ಜಗಳೂರಿಗೆ ಹೋಗಿ, ಚಾಚಾ ಮತ್ತು ಅವರ ಹೆಂಡತಿಯನ್ನು ಕೂರಿಸಿಕೊಂಡು ಬಂದಿದ್ದರು. ಹೊರಡುವಾಗ ಚಾಚಾ ಬಾಗಿಲು ಹಾಕುವ ಮುಂಚೆ ನೆಟ್ಟಿನ ತಂತಿಯನ್ನೂ ಕಿತ್ತಿದ್ದರು, ಅಷ್ಟೇ. ಬೀಗ ಹಾಕಿ ಕೀಲಿಯನ್ನು ಸಾಹುಕಾರರ ಕೈಗೆ ಕೊಡಲು ಹೋದರಂತೆ. "ನಿಮ್ಮ ಜೇಬಲ್ಲೇ ಇರ್ಲಿ, ಬಂದು ನೀವೇ ತೆಗೀರಿ" ಅಂದರಂತೆ ಇವರು. ಇದನ್ನು ಹೇಳಿ ಮುಗಿಸಿ ಸಾಹುಕಾರರು ನನ್ನ ಮೇಲೆ ರೇಗಿದರು. "ನಾಲ್ಕು ಊರಿನ ಕಣ್ಣು ನೋಡೋ ನಾವು ನಮ್ಮ ಮನುಷ್ಯನ ಕಣ್ಣು ನೋಡ್ಲಿಲ್ಲ. ಯಾರಿಗೂ ಹೇಳ್ಬೇಡ, ಮರ್ಯಾದೆ ಹೋಗ್ತೈತೆ." ಈಗ ಬರೆದೇಬಿಟ್ಟಿದ್ದೇನೆ, ಹೆಸರು ಹೇಳಿಲ್ಲವಲ್ಲ.

ಒಂದು ಕಣ್ಣು ಆಯಿತು, ಆಮೇಲೆ ಇನ್ನೊಂದು. ಅಷ್ಟೂ ದಿನ ನಮ್ಮ ಆರ್ಡರುಗಳನ್ನೆಲ್ಲ ದಾವಣಗೆರೆಯಲ್ಲಿ ಬೇರೆಯವರ ಕೈಲಿ ಮಾಡಿಸಿದೆವು. ಜಗಳೂರಿನ ಚುಕ್ಕಿ ಕೆಂಪಾಗಿಯೇ ಇತ್ತು. ಸಾಹುಕಾರರು ಅದರ ಬಗ್ಗೆ ಒಂದು ಸಲವೂ ಕೇಳಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅದು ಹಸಿರಾಯಿತು. ನನ್ನ ಕೈ ಪರದೆ ತೆರೆಯಲು ಹೋಗಿತ್ತು, ಅಷ್ಟರಲ್ಲಿ ಫೋನು ಬಂತು.

"ಒಳಗೆ ಬಂದೀರೇನು?"

"ಇಲ್ಲ ಚಾಚಾ."

"ಬರಬ್ಯಾಡ್ರಿ. ನಾನೇ ಓದ್ತೀನಿ, ನಿಮ್ಮಲ್ಲಿ ಬರ್ದಿರೋ ಚೀಟಿ ಹಿಡ್ಕೊಂಡು ಕೇಳ್ರಿ."

ಕಣ್ಣು ಪರೀಕ್ಷೆಯವರು ಬರೆದುಕೊಟ್ಟಿದ್ದ ಚೀಟಿಗಳನ್ನು ಮುಂದಿಟ್ಟುಕೊಂಡು ಕೂತೆ. ಜಗಳೂರಿಗೆ ನೆಟ್ಟು ಬಂದ ಕೂಡಲೇ ಹೋಗಲಿ ಎಂದು ಚನ್ನಗಿರಿಯ ಆರ್ಡರುಗಳನ್ನೆಲ್ಲ ಮುಂಚೆಯೇ ಟೈಪ್ ಮಾಡಿಟ್ಟವಳು ನಾನೇ. ಚಾಚಾ ಓದತೊಡಗಿದರು. ಬಲಗಣ್ಣು ಇಷ್ಟು, ಎಡಗಣ್ಣು ಇಷ್ಟು. ಮೊದಲ ಎರಡು ಆರ್ಡರು ನಿಧಾನ, ಆಮೇಲೆ ಬೇಗ ಬೇಗ. ದನಿಯಲ್ಲಿ ಹುಡುಗಾಟಿಕೆ ಬಂದಿತ್ತು. ನಾನು ಹ್ಞೂಂ, ಹ್ಞೂಂ ಅನ್ನುತ್ತಿದ್ದೆ. ಎಂಟನೆಯದಕ್ಕೆ ನಿಂತರು.

"ಇದರಾಗೆ ಗಾಜು ಯಾವ ಕಡೆ ತಿರುಗಿಸಿ ಕೂರಿಸ್ಬೇಕು ಅನ್ನೋ ಅಂಕಿ ಹದಿನೆಂಟು ಅಂತೈತೆ. ನಮ್ಮ ಪರೀಕ್ಷೆಯೋರು ಐದರ ಮಗ್ಗಿ ಬಿಟ್ಟು ಯಾವತ್ತೂ ಬರ್ಯಲ್ಲ. ನೂರಾ ಎಂಬತ್ತು ಇರ್ಬೇಕು, ನೋಡ್ರಿ."

"ಇಲ್ಲ ಚಾಚಾ, ನಾನು ಸರಿಯಾಗೇ ಹಾಕೀನಿ."

"ಮೇಡಮ್ಮೋರೆ, ನಿಮ್ಮ ಕಣ್ಣು ಯಾರಿಗಾದ್ರೂ ತೋರ್ಸೀರಾ?"

ನಾನು ಚೀಟಿಯನ್ನು ಮೇಲೆತ್ತಿ, ಸ್ವಲ್ಪ ದೂರ ಹಿಡಿದೆ. ಇನ್ನೂ ಸ್ವಲ್ಪ ದೂರ ಹಿಡಿದೆ. ಸೊನ್ನೆ ಅಲ್ಲೇ ಇತ್ತು.